ಬಾಯಿಗೆ ಹಾಕಿದ ಚಿನ್ನ

ನಾನು ಸೇಲಂನ ಒಂದು ಹಲ್ಲಿನ ಆಸ್ಪತ್ರೆಯ ಹಿಂಬದಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವಕ್ರ ಹಲ್ಲುಗಳನ್ನು ಸರಿಮಾಡಲು ಅಂಟಿಸುವ ಉಕ್ಕಿನ ಬ್ರಾಕೆಟ್‌ಗಳಿಗೆ, ಅವುಗಳ ನಡುವೆ ಹಾಯುವ ತಂತಿಗೆ ಚಿನ್ನದ ತೆಳು ಲೇಪ ಕೊಡುವುದು ನನ್ನ ಕೆಲಸ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಉಕ್ಕಿನಲ್ಲಿರುವ ನಿಕ್ಕಲ್ ಕೆಲವರ ಬಾಯಿಗೆ ಆಗಿಬರುವುದಿಲ್ಲ. ಒಸಡು ಊದಿ, ಕೆನ್ನೆಯ ಒಳಗೆ ಹುಣ್ಣೆದ್ದು, ಸಾರನ್ನ ನುಂಗುವುದೂ ಕಷ್ಟವಾಗುತ್ತದೆ. ಅಂಥವರಿಗೆ ಉಕ್ಕಿಗೂ ಬಾಯಿಗೂ ನಡುವೆ ಚಿನ್ನವೇ ಗೋಡೆ. ಈ ಕೆಲಸ ನಾನು ಕಲಿತದ್ದು ಡಾಕ್ಟರರಿಂದಲ್ಲ, ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟರೆ ಎನ್ನುವ ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಹತ್ತು ವರ್ಷ ಗಿಲೀಟು ಕೊಟ್ಟು ಬೆರಳು ಕಪ್ಪು ಮಾಡಿಕೊಂಡವಳು. ಕಾಲಿನಿಂದ ಬಾಯಿಗೆ ನಿನಗೆ ಪ್ರಮೋಷನ್ ಸಿಕ್ಕಿತು ಎಂದು ನಮ್ಮಣ್ಣ ಈಗಲೂ ಗೇಲಿ ಮಾಡುತ್ತಾನೆ.

ಆ ಅಣ್ಣನ ಮಗಳಿಗೇ ಬ್ರಾಕೆಟ್ ಹಾಕಿಸಿದ ಎರಡನೇ ವಾರಕ್ಕೆ ಬಾಯೆಲ್ಲ ಹುಣ್ಣಾಯಿತು. ಕಾಲೇಜಿಗೆ ಹೋಗುವ ಹುಡುಗಿ, ಮಹಾ ವಾಚಾಳಿ. ನಾವೆಲ್ಲ ಮನೆಯಲ್ಲಿ ಕನ್ನಡ ಆಡಿದರೆ ಅವಳ ಉತ್ತರ ತಮಿಳಿನಲ್ಲೇ. ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ಇಷ್ಟು ಮಾತಿನವಳು ನಗುವಾಗ ಮಾತ್ರ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಹಲ್ಲಿನ ಮೇಲ್ಪದರ ತೆಳು, ಬದಲಿಸಿ ಇನ್ನೊಂದೇ ಸಲ ಅಂಟಿಸಬಹುದು, ಚಿನ್ನದ ಲೇಪವೂ ಹಿಡಿಸದಿದ್ದರೆ ಎಲ್ಲ ಕಿತ್ತು ಹಾಗೇ ಬಿಟ್ಟುಬಿಡಬೇಕು ಎಂದರು ಡಾಕ್ಟರ್. ಅವಳು ನನ್ನ ಭುಜಕ್ಕೆ ಒರಗಿ ಅತ್ತಳು. ನಾನೇ ಕೈಯಾರೆ ಮಾಡಿಕೊಡುತ್ತೇನೆ ಸುಮ್ಮನಿರು ಎಂದೆ.

ಮಾರನೇ ದಿನ ಅಮ್ಮ ನಮ್ಮೂರು ನಂಗವಳ್ಳಿಯಿಂದ ಬಸ್ಸು ಹತ್ತಿ ಬಂದಳು. ಸೆರಗಿನ ಗಂಟು ಬಿಚ್ಚಿ ಹೆಸರುಕಾಳಿನಷ್ಟು ಚಿನ್ನ ತೆಗೆದು ನನ್ನ ಕೈಗಿಟ್ಟಳು. ನಮ್ಮ ಕಡೆ ಹಾಗೆಯೇ. ತಾಳಿಯಾಗಲಿ ಓಲೆಯಾಗಲಿ, ಆಚಾರಿಗೆ ಮನೆಯ ಚಿನ್ನವನ್ನೇ ಕೊಟ್ಟು ಮಾಡಿಸಬೇಕು. ಅಂಗಡಿಯ ಚಿನ್ನ ಯಾರ ಮೈಮೇಲಿತ್ತೋ ಏನೋ ಎಂದು ಅನುಮಾನ.

"ಲ್ಯಾಬಲ್ಲಿ ನೀರಿಗೆ ಕರಗಿಸೋ ಚಿನ್ನದ ಉಪ್ಪು ಐತೆ ಕಣಮ್ಮ, ಅದರಲ್ಲೇ ಮಾಡ್ತೀವಿ," ಎಂದೆ.

"ಊರೋರ ಚಿನ್ನ ನನ್ನ ಮೊಮ್ಮಗಳ ಬಾಯಿಗೆ ಯಾಕೆಲೇ? ಇದನ್ನೇ ಆಕು."

ವಾದ ಮಾಡಲು ನನಗೆ ತಾಳ್ಮೆ ಇರಲಿಲ್ಲ. ಕಾಳನ್ನು ತಟ್ಟಿ ತಗಡು ಮಾಡಿ, ದ್ರಾವಣದ ತೊಟ್ಟಿಯಲ್ಲಿ ಒಂದು ತಂತಿಗೆ ಇಳಿಬಿಟ್ಟೆ. ಇನ್ನೊಂದು ತಂತಿಗೆ ಅವಳ ಹೊಸ ಬ್ರಾಕೆಟ್‌ಗಳನ್ನು ಕಟ್ಟಿದೆ. ಕರೆಂಟು ಹರಿದಂತೆ ತಗಡಿನ ಚಿನ್ನ ದ್ರಾವಣದಲ್ಲಿ ಕರಗುತ್ತದೆ, ದ್ರಾವಣದ ಚಿನ್ನ ಬ್ರಾಕೆಟ್‌ಗಳ ಮೇಲೆ ಹೋಗಿ ಕೂರುತ್ತದೆ. ದ್ರಾವಣ ಕಡುವಿಷ, ಆಮೇಲೆ ಏಳು ನೀರಿನಲ್ಲಿ ತೊಳೆಯಬೇಕು. ತೊಳೆದೆ. ಅಷ್ಟು ನುಣುಪಾದ ಲೇಪ ನನ್ನ ಕೈಯಲ್ಲಿ ಅದುವರೆಗೆ ಬಂದಿರಲಿಲ್ಲ.

ಹಳೆಯವನ್ನು ತೆಗೆದು ಇವನ್ನು ಅಂಟಿಸಿದ ಹತ್ತೇ ದಿನಕ್ಕೆ ಹುಣ್ಣು ಮಾಯ್ದವು. ಹುಡುಗಿ ಮೊದಲ ಸಲ ಕೈ ಅಡ್ಡ ಹಿಡಿಯದೆ ನಕ್ಕಳು, ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಆಮೇಲೊಂದು ಬೆಳಿಗ್ಗೆ ಸೇಲಂ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಂತು ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದವಳು ಮಾತಿನ ನಡುವೆಯೇ ನಿಂತಳು. ಎಡಬದಿಯ ತುಟಿ ಮಾತ್ರ ಎರಡು ಸಲ ಅಲ್ಲಾಡಿತು. ಸದ್ದಿಲ್ಲ. ಮತ್ತೆ ಏನೂ ಆಗದವಳಂತೆ ಹರಟೆ ಮುಂದುವರಿಸಿದಳು. ಏನಾಯಿತೇ ಎಂದು ಕೇಳಿದರೆ "ಒಣ್ಣುಮಿಲ್ಲೆ ಅತ್ತೆ" ಎಂದಳು, ಏನೂ ಇಲ್ಲವಂತೆ. ತಾನು ನಿಲ್ಲಿಸಿದ್ದೇ ಅವಳಿಗೆ ಗೊತ್ತಿರಲಿಲ್ಲ. ಆ ಅಲ್ಲಾಟವನ್ನು ನಾನು ಮೊದಲೇ ನೋಡಿದ್ದೆ.

ಮೂರು ವರ್ಷದ ಹಿಂದೆ ಅಪ್ಪ ಹೋದ ದಿನದ ಮಾತು. ಉಸಿರು ನಿಂತಿತು ಎಂದರು ಹಿರಿಯರು, ಬಾಯಿಗೆ ಚಿನ್ನ ಹಾಕಿ ಎಂದು ಅವಸರ ಮಾಡಿದರು. ಲಕ್ವ ಹೊಡೆದು ಅಪ್ಪನ ಬಾಯಿ ಎಡಕ್ಕೆ ವಾಲಿತ್ತು. ಆ ಎಡಬದಿಯಲ್ಲೇ ತುಳಸಿ ನೀರಿನ ಜೊತೆ ಚಿನ್ನದ ಚೂರನ್ನು ಒಳಗೆ ತಳ್ಳಿದವಳು ನಾನು. ತಳ್ಳಿದ ಮೇಲೆ ತುಟಿ ಎರಡು ಸಲ ಅಲ್ಲಾಡಿತು. ಒಳಗಿನ ಗಾಳಿ ಹೋಗೋದು ಬಿಡು ಎಂದರು ಯಾರೋ. ನಾನೂ ನಂಬಿದೆ, ಅಥವಾ ನಂಬಿದಂತೆ ಇದ್ದೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಆ ಭಾನುವಾರ ಹುಡುಗಿಯನ್ನೂ ಕರೆದುಕೊಂಡು ನಂಗವಳ್ಳಿಗೆ ಹೋಗಿ ಅಮ್ಮನನ್ನು ಅಡುಗೆಮನೆಯಲ್ಲೇ ಹಿಡಿದು ನಿಲ್ಲಿಸಿ ಕೇಳಿದೆ, ಆ ಚಿನ್ನ ಎಲ್ಲಿಯದು ಎಂದು.

"ನಿಮ್ಮಪ್ಪಂದು ಕಣ್ಲೇ. ಬೂದಿ ಆಯೋಕೆ ಓದಾಗ ಸಿಕ್ತು. ಕಾವೇರಿಗೆ ಬಿಡೋಕೆ ಮನಸ್ಸು ಬರ್ಲಿಲ್ಲ, ಎತ್ತಿಟ್ಟೆ."

"ಅದನ್ನ ಮಗು ಬಾಯಿಗೆ ಕೊಟ್ಟೆಯಾ?"

"ಬೆಂಕಿಗೆ ಓಗಿ ಬಂದಿದ್ದು. ಅದಕ್ಕಿಂತ ಸುದ್ದವಾದ ಚಿನ್ನ ಇನ್ನೆಲ್ಲೈತೆ? ಹುಣ್ಣು ವಾಸಿ ಆಗ್ಲಿಲ್ವಾ?"

ವಾಸಿಯಾಗಿತ್ತು. ಸಿಟ್ಟು ಯಾರ ಮೇಲೆಂದು ತಿಳಿಯದೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ. ಬ್ರಾಕೆಟ್ ಕೀಳಿಸಿದರೆ ಹುಡುಗಿಯ ಹಲ್ಲು ಹಾಗೇ ಉಳಿಯುತ್ತದೆ. ಕೀಳಿಸದಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಅದೇ ದಿನ ಮಧ್ಯಾಹ್ನ ಊಟ ಮುಗಿಸಿ ನಾನೂ ಹುಡುಗಿಯೂ ಇಬ್ಬರೇ ಜಗಲಿಯಲ್ಲಿ ಕೂತಿದ್ದೆವು. ಪಾಲಮಲೆಗೆ ಟ್ರಿಪ್ ಹೋಗುವ ಸುದ್ದಿಯನ್ನು ಅವಳು ತಮಿಳಿನಲ್ಲಿ ಗಳಗಳ ಹೇಳುತ್ತಿದ್ದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಮಾತು ನಿಂತಿತು. ಎಡತುಟಿ ಒಮ್ಮೆ ಅಲ್ಲಾಡಿತು. ನಾನು ಎದ್ದು ಓಡಬೇಕೆಂದುಕೊಂಡೆ. ಓಡಲಿಲ್ಲ, ಅವಳ ಮುಖದ ಹತ್ತಿರ ಬಗ್ಗಿ, ಅವತ್ತು ಕೇಳದೇ ಹೋದದ್ದನ್ನು ಕೇಳಿದೆ.

"ಏನಪ್ಪಾ?"

ಅವಳ ಕಣ್ಣು ನನ್ನನ್ನು ನೋಡಲಿಲ್ಲ. ಧ್ವನಿ ಅವಳದ್ದೇ, ತೆಳುವಾದ ಹುಡುಗಿಯ ಧ್ವನಿ. ಮಾತು ಮಾತ್ರ ಕನ್ನಡ.

"ಇದ ತೆಗಿ ಮಗಾ. ನಾನಿನ್ನೂ ಓಗಿಲ್ಲ."

ಆಮೇಲೆ ಅವಳು ಕಣ್ಣು ಪಿಳುಕಿಸಿ, ಮಲೆ ಹತ್ತಲು ಎಷ್ಟು ಹೊತ್ತು ಬೇಕು ಎಂದು ತಮಿಳಿನಲ್ಲಿ ಕೇಳಿದಳು. ನಾನು ಅಳುತ್ತಿರುವುದನ್ನು ನೋಡಿ ಗಾಬರಿಯಾದಳು.

ಲೇಪದಲ್ಲಿ ದೋಷವಿದೆ, ನನ್ನದೇ ತಪ್ಪು ಎಂದು ಡಾಕ್ಟರರಿಗೆ ಸುಳ್ಳು ಹೇಳಿ ಎಲ್ಲವನ್ನೂ ಕೀಳಿಸಿದೆ. ಕಾರಣ ಹೇಳು ಎಂದು ಹುಡುಗಿ ಪಟ್ಟು ಹಿಡಿದಳು. ಹೇಳಲು ನನ್ನಿಂದಾಗಲಿಲ್ಲ. ಅವಳೀಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಗುವಾಗ ಅಂಗೈ ಮತ್ತೆ ಬಾಯಿಗೆ ಬಂದಿದೆಯಂತೆ, ಅಣ್ಣ ಹೇಳಿದ. ಬೈದರೆ ಬೈಯಲಿ, ಅಪ್ಪನ ಮಾತು ನಡೆಸಿದೆ ಎಂಬ ಸಮಾಧಾನ ನನಗಿತ್ತು.

ಕೀಳಿಸಿದ ಬ್ರಾಕೆಟ್‌ಗಳನ್ನು ಮೆಟ್ಟೂರಿನಲ್ಲಿ ಕಾವೇರಿಗೆ ಬಿಟ್ಟು ಬಂದು, ಮಾರನೇ ದಿನ ಎಂದಿನಂತೆ ಕೆಲಸಕ್ಕೆ ಕೂತೆ. ತೊಟ್ಟಿಯ ಮುಚ್ಚಳ ತೆಗೆದೆ. ಅಪ್ಪನ ಚಿನ್ನ ಕರಗಿದ್ದ ಅದೇ ದ್ರಾವಣ, ನಾನಿನ್ನೂ ಬದಲಿಸಿರಲಿಲ್ಲ. ಅಷ್ಟರಲ್ಲಾಗಲೇ ಅದರಲ್ಲಿ ಇನ್ನೂ ಒಂಬತ್ತು ಜನರ ಬ್ರಾಕೆಟ್‌ಗಳನ್ನು ಅದ್ದಿ ಕಳಿಸಿದ್ದೆ.