ಮುಟ್ಟದೆ ಕೆಡವುವ ಮೇಷ್ಟ್ರು

ಶಿರಾ ಗೇಟ್ ಹತ್ತಿರದ ಮಹಡಿಯೊಂದರಲ್ಲಿ ಕರಾಟೆ ಕಲಿಸುತ್ತಿದ್ದ ಆ ಮೇಷ್ಟ್ರು ದನಿ ಎತ್ತಿ ಮಾತಾಡಿದವರಲ್ಲ. ಬೆಲ್ಟಿನ ಗಂಟು ಸವರುತ್ತಾ, "ನಾನು ಯಾರ್ನೂ ಮುಟ್ಟಲ್ಲಮ್ಮ, ಶಕ್ತಿನೇ ಕೆಡವುತ್ತೆ," ಎನ್ನುತ್ತಿದ್ದರು.

ಇಂಥ ಶಾಲೆಗಳ ಮೋಸ, ಹೊಡೆತಗಳ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದ ನನಗೆ ಅದನ್ನು ಚಿತ್ರೀಕರಿಸಬೇಕಿತ್ತು.

ಅವರು ದೂರದಿಂದಲೇ ಅಂಗೈ ಎತ್ತಿದರು. ಸಾಲಾಗಿ ನಿಂತಿದ್ದ ಮಕ್ಕಳು ದೊಪ್ಪದೊಪ್ಪನೆ ಬಿದ್ದರು. ನನಗೆ ನಗು ತಡೆಯಲಾಗಲಿಲ್ಲ.

"ಈಗ ನೀವು ಬನ್ನಿ ಮೇಡಂ," ಎಂದರು.

ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಓಡಲು ಬಿಟ್ಟು, ಬಿದ್ದ ಮಕ್ಕಳ ನಡುವೆ ಹೋಗಿ ನಿಂತೆ. ಅಂಗೈ ನನ್ನತ್ತ ತಿರುಗಿತು. ನಾನು ನಿಂತೇ ಇದ್ದೆ. ಆಗ ನನ್ನ ಕಾಲ ಬಳಿ ಬಿದ್ದಿದ್ದ ಹುಡುಗಿ, ಕಣ್ಣು ತೆರೆಯದೆಯೇ ಪಿಸುಗುಟ್ಟಿದಳು: "ಬಿದ್ಬಿಡಿ ಅಕ್ಕಾ... ನೀವು ಹೋದ್ಮೇಲೆ ನಮ್ಗೆ ಹೊಡೀತಾರೆ."

ಅವಳ ತೋಳಿನ ಮೇಲೆ ಬಾಸುಂಡೆಗಳಿದ್ದವು.

ಬಿದ್ದೆ.

"ನೋಡಿದ್ರಾ," ಎಂದರು ಮೇಷ್ಟ್ರು ಕ್ಯಾಮೆರಾಗೆ, "ಮುಟ್ಟೇ ಇಲ್ಲ."