ಕಾಫಿ ಕುಯ್ಲಿನ ಕ್ಲಾಸು

"ಕುಯ್ಲಿಗೂ ಹೋಗಿ ಡಿಗ್ರಿನೂ ಮಾಡ್ತಾಳಂತೆ! ಆದಂಗೇ ಬಿಡು" ಎಂದವರು ನನ್ನ ಸೋದರಮಾವ. ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ. ಅಪ್ಪ ಹೋದ ಮೇಲೆ ನಮ್ಮ ಮನೆಗೂ ಅವರೇ ಮೇಸ್ತ್ರಿ. ಅವರು ಹಾಗೆಂದದ್ದು ಆಶ್ಚರ್ಯವಲ್ಲ. ನಮ್ಮಲ್ಲಿ ಅಲ್ಲಿಯವರೆಗೆ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ.

ನಾನು ಮೂಡಿಗೆರೆಯಲ್ಲಿ ಬಿ.ಎ. ಓದುತ್ತಿದ್ದೆ. ಕಾಫಿ ಹಣ್ಣಾದರೆ ಅಮ್ಮನ ಜೊತೆ ಅದೇ ಎಸ್ಟೇಟಿನ ಕುಯ್ಲಿಗೆ ಹೋಗಲೇಬೇಕು, ಕಾಲೇಜು ತಪ್ಪಲೇಬೇಕು. ಕ್ಲಾಸಿನಲ್ಲಿ ನನ್ನಂಥವರು ಇನ್ನೂ ಕೆಲವರಿದ್ದರು. ರಾಜ್ಯಶಾಸ್ತ್ರದ ಮೇಷ್ಟ್ರು ಬೈಯಲಿಲ್ಲ. ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಪಾಠವನ್ನು ತಮ್ಮ ದನಿಯಲ್ಲೇ ತುಂಡು ತುಂಡಾಗಿ ಕಳಿಸತೊಡಗಿದರು. ಪ್ರಶ್ನೆ ಕೇಳಿದರೆ ನಾವೂ ಮಾತಿನಲ್ಲೇ ಉತ್ತರ ಕಳಿಸಬೇಕು. ಇಂಟರ್ನಲ್ ಮಾರ್ಕ್ಸ್ ಅದಕ್ಕೇ. ಅದಿಲ್ಲದೆ ಪಾಸಾಗುತ್ತೇನೆಂಬ ಧೈರ್ಯ ನನಗಿರಲಿಲ್ಲ. ಫೇಲಾದರೆ ಮತ್ತೆ ಕಾಲೇಜಿನ ಮಾತೇ ಎತ್ತಬಾರದೆಂದು ಮಾವ ಮೊದಲೇ ಹೇಳಿಬಿಟ್ಟಿದ್ದರು.

ನೆಟ್‌ವರ್ಕ್ ಸಿಗುತ್ತಿದ್ದುದು ತೋಟದ ನೆತ್ತಿಯಲ್ಲಿದ್ದ ಹಲಸಿನ ಮರದ ಬುಡದಲ್ಲಿ ಮಾತ್ರ. ಗ್ರಾಮಸಭೆಯ ಬಗ್ಗೆ ಉತ್ತರ ಕಳಿಸಬೇಕಾದ ದಿನ ನಮ್ಮ ಸಾಲು ಅಲ್ಲಿಗೇ ಬಂತು. ಸೊಂಟದ ಚೀಲ ಬಿಚ್ಚದೆಯೇ ಮರದ ಹಿಂದೆ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳುತ್ತಾ ಹೋದೆ. "ಗ್ರಾಮಸಭೆಯಲ್ಲಿ ಪ್ರತಿಯೊಬ್ಬರಿಗೂ ಮಾತನಾಡುವ ಹಕ್ಕಿದೆ" ಎಂದು ಮುಗಿಸುವುದಕ್ಕೂ ಹಿಂದಿನಿಂದ ಮಾವ ಕೂಗುವುದಕ್ಕೂ ಸರಿಹೋಯಿತು.

"ಯಾರದು ಮಾತಾಡದು? ಬಾಯ್ ಮುಚ್ಕಂಡು ಹಣ್ಣು ಕುಯ್ರಿ!"

ಗಾಬರಿಯಲ್ಲಿ, ರೆಕಾರ್ಡ್ ಮಾಡಲು ಒತ್ತಿ ಹಿಡಿದಿದ್ದ ಬೆರಳು ತೆಗೆದೆ. ಉತ್ತರ ಆ ಕೂಗಿನ ಸಮೇತ ಗ್ರೂಪಿಗೆ ಹೋಗಿಯೇಬಿಟ್ಟಿತು.

ಊಟದ ಹೊತ್ತಿಗೆ ಮತ್ತೆ ಮರದ ಬುಡಕ್ಕೆ ಬಂದು ನೋಡಿದರೆ ಗ್ರೂಪಿನ ತುಂಬ ನಗುವ ಮುಖಗಳು. ಕೆಳಗೆ ಮೇಷ್ಟ್ರ ದನಿ: "ಉತ್ತರ ಸರಿ ಇದೆ, ಮಾರ್ಕ್ಸ್ ಹಾಕಿದೀನಿ. ಆದ್ರೆ ಸಭೆ ನಡುವೆ ಎದ್ದ ಆ ಅಧ್ಯಕ್ಷರು ಯಾರಮ್ಮ?"

ಸುತ್ತ ಕೂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಗು ಕೇಳಿ ಮಾವ ಬಂದರು.

"ಏನದು? ಇನ್ನೊಂದ್ ಸಲ ಹಾಕು."

ತಮ್ಮ ಕೂಗನ್ನೂ ಮೇಷ್ಟ್ರ ಮಾತನ್ನೂ ಕೇಳಿಸಿಕೊಂಡರು.

"ಇದ್ರಲ್ಲಿ ಪಾಠ ಮಾಡ್ತಾರಾ? ನಾನು ರೀಲ್ಸ್ ನೋಡ್ತಾಳೆ ಅನ್ಕಂಡಿದ್ದೆ. ಮೊದ್ಲೇ ಹೇಳಕ್ಕೇನಾಗಿತ್ತು?"

"ನೀನು ಯಾರಿಗಾದ್ರೂ ಬಾಯಿ ಬಿಡಕ್ಕೆ ಬಿಟ್ಟಿದ್ರೆ ತಾನೆ, ಅಣ್ಣ!" ಎಂದಳು ಅಮ್ಮ.

 ಮರುದಿನದಿಂದ ಎಲ್ಲಿ ಕುಯ್ದರೂ ಊಟ ಮಾತ್ರ ಹಲಸಿನ ಮರದ ಕೆಳಗೇ ಎಂದು ಮಾವನ ಅಪ್ಪಣೆಯಾಯಿತು. ನಾನು ಫೋನು ತೆಗೆದೊಡನೆ "ಶ್ಶ್, ಮೇಷ್ಟ್ರು ಬಂದ್ರು" ಎನ್ನುತ್ತಿದ್ದರು. ಒಮ್ಮೊಮ್ಮೆ ಹೆಂಗಸರು ಬುತ್ತಿಯ ಮುಚ್ಚಳ ತೆಗೆಯುವ ಸದ್ದಿಗೂ ಅವರಿಂದ ಬೈಸಿಕೊಂಡದ್ದುಂಟು. ನಾನು ಪಾಸಾಗುತ್ತಾ ಹೋದೆ.

ಡಿಗ್ರಿ ಮುಗಿದು ಕಾಲೇಜಿನಲ್ಲಿ ಪ್ರಮಾಣಪತ್ರ ಕೊಡುವ ದಿನ ಅಮ್ಮನ ಜೊತೆ ಮಾವನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಮೇಷ್ಟ್ರು ಅದನ್ನು ನನ್ನ ಕೈಗಿತ್ತು, ಅಮ್ಮನೊಡನೆ ಜೋರಾಗಿ ಮಾತಾಡುತ್ತಿದ್ದ ಮಾವನನ್ನು ದನಿಯಿಂದಲೇ ಗುರುತು ಹಿಡಿದು ಕೈಮುಗಿದರು: "ಬನ್ನಿ ಅಧ್ಯಕ್ಷರೇ."

ಮಾವ ನಾಚಿಕೊಂಡರು. ನಾನು ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟೆ. ಮೇಲಿಂದ ಕೆಳಗಿನ ತನಕ ನಿಧಾನವಾಗಿ ನೋಡಿದರು.

"ನನ್ ಹೆಸ್ರು ಹಾಕಿಲ್ವಲ್ಲೇ ಮಾರಾಯ್ತಿ. ಹೋಗ್ಲಿ, ಬಸ್‌ಸ್ಟ್ಯಾಂಡ್ ತನಕ ನಾನೇ ಹಿಡ್ಕಂಡ್ ಬರ್ತೀನಿ."