ಗಿರಿಜೆ ಹೇಳಿದ ಬೆಲೆ

ಹೈದರಾಬಾದಿನ ಮೆಹದಿಪಟ್ನಂ ಮಾರುಕಟ್ಟೆಯಲ್ಲಿ ಬದನೆಕಾಯಿಯ ಬೆಲೆಯನ್ನು ತೆಲುಗಿನಲ್ಲಿ ಕೇಳಿ, ಹಿಂದಿಯಲ್ಲಿ ಚೌಕಾಸಿ ಮಾಡಿ, ನಗುನಗುತ್ತಲೇ ಅರ್ಧಕ್ಕೆ ಇಳಿಸಿಬಿಡುವ ನನ್ನ ಹೆಂಡತಿ ಗಿರಿಜೆಗೆ ತನ್ನ ದುಡಿಮೆಯ ಬೆಲೆ ಹೇಳಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ಪರರ ಸರಕಿನ ಮೌಲ್ಯಕ್ಕೆ ಮಾತಿನ ಮಳೆ, ಸ್ವಂತ ಮೌಲ್ಯಕ್ಕೆ ಮೌನ! ಇಂಥವರು ನಿಮ್ಮ ಮನೆಯಲ್ಲೂ ಇದ್ದಾರು, ನೋಡಿ.

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸಾಲುಸಾಲಾಗಿ ತಲೆಯೆತ್ತುತ್ತಿದ್ದ ಕಾಲ. ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಬಂದಿದ್ದ ಮೈಸೂರಿನ ಇಂಜಿನಿಯರ್ ಹುಡುಗಿ ಅನನ್ಯಾ, ಮನೆಗೆಲಸದವಳಿಗೂ ಆಟೋದವನಿಗೂ ಒಂದು ಮಾತು ತಿಳಿಸಲಾಗದೆ ಅಳುವುದೊಂದು ಬಾಕಿ. ಬೀದರಿನಲ್ಲಿ ಕನ್ನಡ, ತೆಲುಗು, ಉರ್ದುಗಳ ನಡುವೆಯೇ ಬೆಳೆದ ಗಿರಿಜೆ ಅವಳನ್ನು ಅಡುಗೆಮನೆಯಲ್ಲಿ ಕೂಡಿಸಿಕೊಂಡು ರೊಟ್ಟಿ ಬಡಿಯುತ್ತಲೇ ತೆಲುಗು ಕಲಿಸಿದಳು. ಅನನ್ಯಾ ಗೆಳತಿಯರನ್ನೂ ಕರೆತಂದಳು. ದುಡ್ಡು ಕೊಡಲು ಬಂದರೆ ಗಿರಿಜೆಯದು ಒಂದೇ ಉತ್ತರ: "ಹೋಗ್ರವಾ, ಮಾತು ಕಲಿಸಾಕ ಎಂಥಾ ರೊಕ್ಕ!"

ಆ ವೇಳೆಗೆ ಐವತ್ತರ ಅಂಚಿಗೆ ಬಂದಿದ್ದ ಅವಳ ಮೊಣಕಾಲು ಮೆಟ್ಟಿಲೆಂದರೆ ಮುಷ್ಕರ ಹೂಡುತ್ತಿತ್ತು. ಮಗಳ ಕಾಲೇಜು ಮುಗಿಯಲಿ ಎಂದು ಅವಳು ಚಿಕಿತ್ಸೆಯನ್ನು ಮುಂದೂಡುತ್ತಲೇ ಇದ್ದಳು.

ಹೀಗಿರುವಾಗ ಅನನ್ಯಾಳ ಕಂಪನಿಯವರು, ಹೊರಗಿನಿಂದ ಬಂದ ನೌಕರರಿಗೆ ತೆಲುಗು ಕಲಿಸಬೇಕೆಂದು ಗಿರಿಜೆಯನ್ನು ಕರೆಸಿದರು. ಸರ್ಕಾರಿ ಅಧಿಕಾರಿಯೆಂಬ ಗತ್ತಿನಲ್ಲಿ, ಸಂಧಾನವೆಲ್ಲ ನನ್ನಿಂದಲೇ ಆಗಬೇಕೆಂದು ನಾನೂ ಇಸ್ತ್ರಿ ಅಂಗಿ ತೊಟ್ಟು ಹೊರಟೆ. ಲಿಫ್ಟ್ ಕೆಟ್ಟಿತ್ತು. ಗಿರಿಜೆ ಹಲ್ಲುಕಚ್ಚಿ ಮೆಟ್ಟಿಲು ಹತ್ತಿದಳು.

ಅಲ್ಲಿನ ಅಧಿಕಾರಿ ಫೀಸು ಎಷ್ಟೆಂದು ಹಿಂದಿಯಲ್ಲಿ ಕೇಳಿದ. "ನೀವೇ ತಿಳಿದು ಕೊಡಿ" ಎಂಬ ಸೌಜನ್ಯದ ಮಾತಿಗೆ ನಾನು ಬಾಯಿ ತೆರೆದಿದ್ದೆನಷ್ಟೆ.

"ನೀವು ಸುಮ್ಕಿರ್ರಿ," ಎಂದಳು ಗಿರಿಜೆ. ಆಮೇಲೆ ಅವನತ್ತ ತಿರುಗಿ, ಬೇಕಾದ ಮೊತ್ತವನ್ನು ಸ್ಪಷ್ಟವಾಗಿ ಹೇಳಿದಳು. ಅಮೀರ್‌ಪೇಟೆಯ ಕೋಚಿಂಗ್ ಕೇಂದ್ರಗಳಲ್ಲಿ ಇದಕ್ಕಿಂತ ಕಡಿಮೆಗೆ ಕಲಿಸುವವರಿದ್ದಾರೆ ಎಂದನವನು. ಇರಬಹುದು, ಆದರೆ ತನ್ನಲ್ಲಿ ಕಲಿತವರು ಮನೆ ಮಾಲೀಕರ ಜೊತೆ ತೆಲುಗಿನಲ್ಲೇ ಜಗಳವಾಡಿ ಗೆದ್ದು ಬರುತ್ತಾರೆ ಎಂದಳಿವಳು. ಅವನು ನಕ್ಕು ಒಪ್ಪಿಕೊಂಡ.

ಆಟೋದಲ್ಲಿ ಕೇಳಿದೆ: "ಇಷ್ಟು ಧೈರ್ಯ ಎಲ್ಲಿಂದ ಬಂತು ನಿನಗ?"

"ಮೆಟ್ಟಿಲು ಹತ್ತೂಮುಂದ ಭಾಳ ನೋವಾತ್ರಿ. ಈ ಕಾಲಿನ ಔಷಧ ನನ್ನ ದುಡಿಮಿಯಿಂದನ ಆಗ್ಲಿ ಅನ್ನಿಸ್ತು. ಪುಕ್ಕಟೆ ಕಲಿಸಿದ್ರ ಅದು ಹೆಂಗಾಗ್ತೈತ್ರಿ?"

ಅವಳ ಹೆಸರಿನಲ್ಲೊಂದು ಬ್ಯಾಂಕ್ ಖಾತೆ ಬಂತು. ಅದರ ಮೊದಲ ಹಣ ವೈದ್ಯರಿಗೆ ಹೋಯಿತು. ಅವರು ಹೇಳಿಕೊಟ್ಟ ಬೆಳಗಿನ ವ್ಯಾಯಾಮವನ್ನು ಅವಳು ಮುಗಿಸುವವರೆಗೆ ನನ್ನ ಚಹಾ ಕಾಯಬೇಕಾಯಿತು. ಕ್ರಮೇಣ ಚಹಾ ನಾನೇ ಮಾಡಿಕೊಳ್ಳತೊಡಗಿದೆ. ಉಳಿದ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಅವಳು ಬ್ಯಾಂಕಿನವರನ್ನು ಕೇಳಿ ತಿಳಿದು ಬಂದು, ಈಗ ನನಗೂ ಬುದ್ಧಿ ಹೇಳುತ್ತಾಳೆ.

ಒಂದು ಸಂಜೆ ಅವಳನ್ನು ಕರೆತರಲು ಆ ಕಂಪನಿಗೆ ಹೋದೆ. ಬಾಗಿಲಲ್ಲೇ ಕಾವಲುಗಾರ ತಡೆದು, ನೀವು ಯಾರೆಂದು ಕೇಳಿದ. ನನ್ನ ಹುದ್ದೆಯನ್ನು ವಿವರಿಸಿದೆ; ಅವನು ಕದಲಲಿಲ್ಲ. "ಗಿರಿಜಾ ಮೇಡಂ ಗಂಡ" ಎಂದೆ. ತಕ್ಷಣ ಎದ್ದು ತನ್ನ ಕುರ್ಚಿಯನ್ನೇ ನನಗೆ ಕೊಟ್ಟ.

ಕೂತು ಕಾದೆ. ಸ್ವಲ್ಪ ಹೊತ್ತಿಗೆ ಗಿರಿಜೆ, ಆಸರೆಯ ಕಂಬಿಯನ್ನು ಮುಟ್ಟದೆ, ಹುಡುಗ ಹುಡುಗಿಯರ ತೆಲುಗನ್ನು ತಿದ್ದುತ್ತ ಮೆಟ್ಟಿಲಿಳಿದು ಬಂದಳು. ನನಗೇ ತಿಳಿಯದಂತೆ ನಾನು ಎದ್ದು ನಿಂತಿದ್ದೆ.